ಗಿರಿಜಳ ಜಡೆಯೂ ನನ್ನ ಹಾರ್ಮೋನು ಪಾಂಡಿತ್ಯವೂ

ಮನುಷ್ಯನಿಗೆ ಜಂಬಪಡಲು ಏನಾದರೊಂದು ಬೇಕು. ಕೆಲವರಿಗೆ ಕಾರು, ಕೆಲವರಿಗೆ ತೋಟ. ನನಗೆ ನನ್ನ ಹೆಂಡತಿ ಗಿರಿಜಳ ಜಡೆ. ಹೆಣ್ಣು ನೋಡಲು ಹೋದ ದಿನ ನಮ್ಮಜ್ಜಿ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಇದ್ರಲ್ಲಿ ಹೋರಿ ಕಟ್ಟಬೌದು ಕಣೋ" ಎಂದಿದ್ದರು. ಕಟ್ಟಿಸಿಕೊಂಡ ಹೋರಿ ನಾನೇ ಎಂಬುದು ಆಮೇಲೆ ತಿಳಿಯಿತು. ಇರಲಿ, ಅದೂ ಹೆಮ್ಮೆಯ ವಿಷಯವೇ.

ಅಂಥ ಜಡೆ ಹೋದ ವರ್ಷ ಇಲಿಬಾಲದಷ್ಟಾಯಿತು. ಬಾಚಣಿಗೆಯ ತುಂಬ ಕೂದಲು. ಗಿರಿಜ ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು; ಕರೆಯಲು ಬಂದವರಿಗೆ "ಮಂಡಿ ನೋವು ಕಣಮ್ಮ" ಎನ್ನುವಳು. ಊರೆಲ್ಲ ಸುತ್ತುತ್ತಿದ್ದವಳು ಮನೆ ಹಿಡಿದು ಕೂತದ್ದು ನನಗೆ ನೋಡಲಾಗಲಿಲ್ಲ. ಆದರೂ ನಾನು ಡಾಕ್ಟರ ಬಳಿ ಹೋಗುವುದೇ? ನಾನು ಕಾಫಿ ಬೆಳೆಗಾರ; ಗಿಡದ ಕಾಯಿ ಉದುರಿದರೆ ಯಾವ ಹಾರ್ಮೋನು ಎಷ್ಟು ನೀರಿಗೆ ಬೆರೆಸಿ ಹೊಡೆಯಬೇಕೆಂದು ನಮ್ಮ ಬಾಳ್ಳುಪೇಟೆಯಲ್ಲಿ ಬಸ್ಸಿಳಿದವರೂ ನನ್ನನ್ನು ಕೇಳುತ್ತಾರೆ. ಕಾಯಿ ನಿಲ್ಲಿಸಿದವನಿಗೆ ಕೂದಲು ಯಾವ ಲೆಕ್ಕ? ಫೋನಿನಲ್ಲಿ ಹುಡುಕಿ ಪೆಪ್ಟೈಡ್ ಸೀರಮ್ ಎಂಬ ಪುಟ್ಟ ಬಾಟಲಿ ತರಿಸಿದೆ. "ಪ್ರೊಟೀನಿನ ಚೂರು ಕಣೇ, ಬುಡಕ್ಕೆ ಗೊಬ್ಬರ ಇದ್ದಂಗೆ" ಎಂದು ವಿವರಿಸಿದೆ. ಪಾಪ, ಮೂರು ತಿಂಗಳು ಹಚ್ಚಿದಳು. ನಾಲ್ಕನೆಯ ತಿಂಗಳು ಬಾಚಣಿಗೆ ತಂದು ನನ್ನ ರೊಟ್ಟಿ ತಟ್ಟೆಯ ಪಕ್ಕ ಇಟ್ಟು, "ನಾನೇನ್ ಕಾಫಿ ಗಿಡ ಅಲ್ಲ ಕಣ್ರೀ" ಎಂದಳು.

ಕೊನೆಗೆ ಹಾಸನಕ್ಕೆ ಹೋದೆವು. ಅಲ್ಲಿ ಡಾಕ್ಟರಮ್ಮನ ಎದುರೂ ಮಾತಾಡಿದವನು ನಾನೇ. "ಕಾಯಿ ಉದುರದಂಗೆ ನಾವು ಹಾರ್ಮೋನು ಹೊಡೀತೀವಿ. ಇದಕ್ಕೂ ಅಂಥದ್ದೇನಾದ್ರೂ ಐತಾ?" ಅವರು ಪೂರ್ತಿ ಕೇಳಿ, ನನ್ನ ನುಣ್ಣನೆ ತಲೆ ನೋಡಿ, "ಯಜಮಾನ್ರೇ, ನಿಮ್ಮ ಕೂದಲು ಉದುರಿಸಿದ್ದೂ ಹಾರ್ಮೋನೇ" ಎಂದರು. ಗಿರಿಜ ಎಷ್ಟೋ ತಿಂಗಳ ಮೇಲೆ ಬಾಯ್ತುಂಬ ನಕ್ಕಳು. ರಕ್ತ ಪರೀಕ್ಷೆಯಲ್ಲಿ ಅವಳಿಗೆ ಥೈರಾಯ್ಡ್ ಹಾರ್ಮೋನು ಕಡಿಮೆ ಎಂದು ಗೊತ್ತಾಯಿತು. "ಸೀರಮ್ಮು ಮೇಲಿಂದ ಒಂಚೂರು ಸಹಾಯ ಮಾಡಬಹುದು, ಒಳಗಿನ ಕೊರತೆ ತುಂಬಲ್ಲ" ಎಂದು ಮಾತ್ರೆ ಬರೆದುಕೊಟ್ಟರು. ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಕಾಫಿ ಒಂದು ಗಂಟೆ ಬಿಟ್ಟು. ಕಾಫಿ ಬೆಳೆಯುವವರ ಮನೆಯಲ್ಲಿ ಕಾಫಿಗೆ ಕಾಯುವುದು! ಅವಳೊಬ್ಬಳೇ ಕಾಯಬಾರದೆಂದು ನಾನೂ ಕಾದೆ. ಆ ಒಂದು ಗಂಟೆ ನಾನು ಯಾರ ಜೊತೆಯೂ ನೆಟ್ಟಗೆ ಮಾತಾಡುತ್ತಿರಲಿಲ್ಲ ಎಂಬುದು ಅವಳ ದೂರು.

ವರ್ಷ ತುಂಬುವಷ್ಟರಲ್ಲಿ ಜಡೆ ಮತ್ತೆ ಮೈತುಂಬಿಕೊಂಡಿತು. ಕೆ. ಹೊಸಕೋಟೆಯ ನೆಂಟರ ಮನೆಯ ನಾಮಕರಣಕ್ಕೆ ನನಗಿಂತ ಮೊದಲು ಅವಳೇ ಹೊರಟು ನಿಂತಳು. ಅಲ್ಲಿ ಹೆಂಗಸರೆಲ್ಲ ಜಡೆ ಮುಟ್ಟಿ ನೋಡಿ, "ಏನ್ ಹಚ್ಚಿದ್ಯಕ್ಕಾ?" ಎಂದು ಮುತ್ತಿಕೊಂಡರು. ನನ್ನ ಎದೆ ಉಬ್ಬಿತು. ಗಿರಿಜ ನನ್ನ ಕಡೆ ಕೈ ತೋರಿಸಿ, "ಹಾರ್ಮೋನು, ಪೆಪ್ಟೈಡು ಎಲ್ಲಾ ನಮ್ಮೋರಿಗೇ ಗೊತ್ತು, ಅವ್ರನ್ನೇ ಕೇಳ್ರಮ್ಮ" ಎಂದಳು. ನಾನು ಗಂಟಲು ಸರಿಮಾಡಿಕೊಂಡು, ಗೌರವಕ್ಕೆಂದು ಟೋಪಿ ತೆಗೆದೆ. ಎಲ್ಲರೂ ಒಮ್ಮೆ ನನ್ನ ತಲೆ ನೋಡಿದರು. ಅವರಲ್ಲೊಬ್ಬಳು ಮೆಲ್ಲಗೆ, "ಬ್ಯಾಡ ಬುಡಕ್ಕಾ, ನೀನೇ ಹೇಳು" ಎಂದಳು.