ಧೂಳಲ್ಲ

ಆ ಮನೆಯೊಳಗೆ ನೊಣ ಬರಬೇಕಾದರೂ ಬಾಗಿಲಲ್ಲಿ ನಿಂತು ಆರು ಕಾಲನ್ನೂ ಒರೆಸಿಕೊಂಡೇ ಬರಬೇಕು ಎಂದು ಕ್ವಾರ್ಟರ್ಸಿನವರು ಹೇಳುತ್ತಿದ್ದರು. ಕರೆಂಟಿನ ಮೀಟರ್ ನೋಡಲು ಬರುವವನು ಮೆಟ್ಟಿಲ ಕೆಳಗೇ ಬೂಟು ಕಳಚಿ, ತುದಿಗಾಲಲ್ಲಿ ಹತ್ತಿ, ಉಸಿರು ಬಿಗಿಹಿಡಿದು ಅಂಕಿ ಬರೆದುಕೊಂಡು, ಕೆಳಗಿಳಿದ ಮೇಲೇ ಉಸಿರು ಬಿಡುತ್ತಿದ್ದನಂತೆ. ಎದುರುಮನೆಯ ನರ್ಸಮ್ಮನಂತೂ ತಮ್ಮ ಆಸ್ಪತ್ರೆಯ ಆಪರೇಷನ್ ಕೋಣೆಯೂ ಅಷ್ಟು ಚೊಕ್ಕಟವಿಲ್ಲ ಎಂದು ಒಪ್ಪಿಕೊಂಡು, "ಆದರೆ ನಮ್ಮಲ್ಲಿ ಪೇಷೆಂಟನ್ನ ಮಲಗೋಕಾದ್ರೂ ಬಿಡ್ತೀವಿ. ಅಲ್ಲಿ ಕೂರೋಕೂ ಬಿಡಲ್ಲ" ಎಂದು ಸೇರಿಸುತ್ತಿದ್ದಳು.

ಆ ಮನೆಯ ಯಜಮಾನರಿಗೆ ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಅದು ಸಂಬಳದ ಪಟ್ಟಿಯಲ್ಲಿ ಉಳಿದುಕೊಂಡಿತ್ತು, ಅಷ್ಟೇ. ಮಿಕ್ಕವರಿಗೆಲ್ಲ ಅವರು ಧೂಳಪ್ಪನವರು. ಮೈಮೇಲೆ ಧೂಳಿತ್ತೆಂದಲ್ಲ, ಧೂಳಿನ ಪಾಲಿಗೆ ಅವರು ಸಾಕ್ಷಾತ್ ಯಮ ಎಂದು.

ಕೆಲಸವೂ ಅಂಥದ್ದೇ. ಹಳೆಯ ಫಿಲ್ಮ್ ರೀಲುಗಳನ್ನು ತೊಳೆದು, ಒರೆಸಿ, ಯಂತ್ರಕ್ಕೆ ಏರಿಸಿ, ಒಂದೊಂದೇ ಫ್ರೇಮನ್ನು ಕಂಪ್ಯೂಟರಿಗೆ ಇಳಿಸುವ ಆಫೀಸು ಅವರದು. ಅಲ್ಲಿ ಧೂಳಪ್ಪನವರದು ಮೂವತ್ತೆಂಟು ವರ್ಷದ ಸೇವೆ. ಕೈಗೆ ಬಿಳಿ ಗವಸು, ಹೆಗಲಿಗೆ ಮೆತ್ತನೆಯ ಬಟ್ಟೆ, ಜೇಬಿನಲ್ಲಿ ಗಾಳಿ ಊದುವ ಪುಟ್ಟ ರಬ್ಬರ್ ಉಂಡೆ. ಉಂಡೆ ಕೈಗೆ ಸಿಗದಿದ್ದರೆ ಬಾಯಿಯೇ ಉಂಟಲ್ಲ, ಫೂ ಎಂದು ಊದುವುದು. ಪರದೆಯ ಮೇಲೆ ಚುಕ್ಕೆಯೊಂದು ಕಂಡರೆ ಸಾಕು, ಕನ್ನಡಕ ಏರಿಸಿ ತೀರ್ಪು ಕೊಟ್ಟುಬಿಡುತ್ತಿದ್ದರು: ಇದು ಹತ್ತಿಯ ಎಳೆ, ಇದು ಗೋಡೆಯ ಸುಣ್ಣ, ಇದು ಯಾರದೋ ತಲೆಯ ಹೊಟ್ಟು, ಬಹುಶಃ ಸಾಹೇಬರದು. ಗೊತ್ತಿಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಆಫೀಸಿನಲ್ಲಾಗಲಿ ಮನೆಯಲ್ಲಾಗಲಿ ಕೇಳಿದವರಿಲ್ಲ.

ಮನೆಯಲ್ಲೂ ಇದೇ ಆಡಳಿತ. ಸೋಫಾದ ಮೇಲೆ ಕೂತು ಏನನ್ನೂ ತಿನ್ನುವಂತಿಲ್ಲ. ಮದುವೆಯಾಗಿ ಮೂವತ್ತೊಂದು ವರ್ಷ, ಅವರ ಹೆಂಡತಿ ಒಂದು ಬಿಸ್ಕತ್ತು ತಿನ್ನಬೇಕೆಂದರೂ ಸಿಂಕಿನ ಮೇಲೆ ಬಗ್ಗಿ, ಗಲ್ಲದ ಕೆಳಗೆ ಅಂಗೈ ಹಿಡಿದು ತಿಂದವರು.

ನಿವೃತ್ತಿಗೆ ಒಂದೂವರೆ ತಿಂಗಳು ಇದೆ ಎನ್ನುವಾಗ ಅಂತರಿಕ್ಷಯಾನದ ರೀಲುಗಳು ಬಂದವು. ಐವತ್ತು ವರ್ಷಗಳ ಹಿಂದೆ ಯಾತ್ರಿಗಳು ನೌಕೆಯ ಕಿಟಕಿಗೆ ಕ್ಯಾಮೆರಾ ಇಟ್ಟು ತೆಗೆದ ನೆಗೆಟಿವ್‌ಗಳು, ಹನ್ನೆರಡು ಡಬ್ಬಿ. ಆ ದಿನ ಸಂಜೆ ಧೂಳಪ್ಪನವರು ಮನೆಯ ನಡುಮಧ್ಯೆ ನಿಂತು ಘೋಷಣೆ ಮಾಡಿದರು.

"ಇದೇ ನನ್ನ ಕೊನೇ ಕೆಲಸ ಕಣೇ. ಹನ್ನೆರಡು ರೀಲಲ್ಲಿ ಒಂದೇ ಒಂದು ಕಣ ಧೂಳು ಸಿಕ್ಕಲಿ, ನನ್ನ ಹೆಸರು ಬದಲಾಯಿಸ್ಕೋತೀನಿ."

"ಯಾವ ಹೆಸರು?" ಎಂದರು ಹೆಂಡತಿ. "ಹಳೇದಾ, ಈಗಿಂದಾ?"

ಎಂಟು ರೀಲು ಹಾಲಿನಂತೆ ಇಳಿದವು. ಒಂಬತ್ತನೆಯದನ್ನು ಪರದೆಯ ಮೇಲೆ ಪರೀಕ್ಷಿಸುವಾಗ ಅದು ಕಾಣಿಸಿತು. ಕೆಳಗೆ ಭೂಮಿಯ ಮೋಡಗಳು ಹಿಂದಕ್ಕೆ ಸರಿಯುತ್ತಿವೆ, ಮೇಲೆ ಬೆಳ್ಳಗೆ ಹೊಳೆಯುವ ಏನೋ ಒಂದು ವಸ್ತು ನೌಕೆಯ ಜೊತೆಜೊತೆಗೇ ಬರುತ್ತಿದೆ. ಒಂದು ತುದಿ ಗುಂಡಗೆ, ಇನ್ನೊಂದು ಚೂಪು. ಅಂಚೆಲ್ಲ ಕೊಂಚ ಮಸುಕು. ಅರುವತ್ತೊಂದು ಫ್ರೇಮು ಅಲುಗದೆ ನಿಂತು, ಅರುವತ್ತೆರಡನೆಯದರಲ್ಲಿ ಸರ್ರನೆ ಪಕ್ಕಕ್ಕೆ ಹಾರಿ ಮಾಯ.

ಬೇರೆ ಯಾರಾದರೂ ಆಗಿದ್ದರೆ ಗಾಜಿನ ಮೇಲೆ ಏನೋ ಬಿದ್ದಿದೆ ಎಂದು ಎದ್ದು ಹೋಗಿ ನೋಡುತ್ತಿದ್ದರು. ಧೂಳಪ್ಪನವರ ತರ್ಕ ಹಾಗೆ ಸಾಗುವುದಿಲ್ಲ. ಯಂತ್ರದ ಗಾಜನ್ನು ಒರೆಸಿದವನು ನಾನು. ನಾನು ಒರೆಸಿದ ಗಾಜಿನ ಮೇಲೆ ಏನೂ ಇರುವುದಕ್ಕೆ ಸಾಧ್ಯವಿಲ್ಲ. ಅಂದಮೇಲೆ ಇದು ಆಕಾಶದಲ್ಲೇ ಇದ್ದದ್ದು. ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ದುಂಡಗೆ ಬರೆದರು: "ಧೂಳಲ್ಲ." ಕೆಳಗೆ ಸಹಿ.

ಆಫೀಸಿನವರು ಆ ತುಣುಕನ್ನು ಷರಾ ಸಮೇತ ಪ್ರಕಟಿಸಿದರು. ಆ ಒಂದು ಪದ ದೇಶ ಸುತ್ತಿತು. ಗುರುತು ಸಿಗದ ಹಾರುವ ವಸ್ತುಗಳ ಬೆನ್ನು ಹತ್ತಿದ ಮಂದಿ ಎಲ್ಲ ಕಡೆ ಇರುತ್ತಾರಲ್ಲ, ಅವರಿಗೆ ಈ ಎರಡೂವರೆ ಸೆಕೆಂಡಿನ ದೃಶ್ಯ ಸಿಕ್ಕಿದ್ದೇ ತಡ, ಹಬ್ಬವಾಯಿತು. ನೌಕೆಯ ವೇಗಕ್ಕೆ ಸರಿಸಮ ಬಂದಿದೆ, ನೋಡಿ. ಅಂಚಿನ ಮಸುಕು ಅದರ ಇಂಜಿನ್ನಿನ ಕಾವು. ಪಕ್ಕಕ್ಕೆ ಹಾರಿದ ವೇಗ ಮನುಷ್ಯರ ಯಂತ್ರಕ್ಕೆ ಸಾಧ್ಯವೇ ಇಲ್ಲ. ಇಂಥದ್ದನ್ನೆಲ್ಲ ಮಂಜಿನ ಹರಳು, ಬಣ್ಣದ ಚಕ್ಕೆ, ಧೂಳು ಎಂದು ಬಿಡಿಸಿ ಹೇಳುತ್ತ ಬಂದಿದ್ದ ಖಗೋಳಶಾಸ್ತ್ರದ ಪ್ರೊಫೆಸರಮ್ಮ ಒಬ್ಬರು ಈ ಸಲವೂ ಬಾಯಿ ತೆರೆದರು. ಜನ ಅವರ ಮುಂದೆ ರಿಜಿಸ್ಟರಿನ ಹಾಳೆ ಹಿಡಿದರು. ಧೂಳಪ್ಪನವರೇ ಧೂಳಲ್ಲ ಎಂದ ಮೇಲೆ ಇನ್ನೇನು ಉಳಿಯಿತು?

ಆ ವಾರ ಧೂಳಪ್ಪನವರ ಕಾಲು ನೆಲದ ಮೇಲಿರಲಿಲ್ಲ. ನರ್ಸಮ್ಮ ಕೂಡ ಎದುರಿಗೆ ಸಿಕ್ಕಾಗ ಸೆರಗು ಸರಿಮಾಡಿಕೊಂಡು ದಾರಿ ಬಿಟ್ಟಳು.

ಭಾನುವಾರ ಬೆಳಿಗ್ಗೆ ಟೀವಿಯವರು ಆ ವಸ್ತುವನ್ನು ಕುಂಬಳಕಾಯಿಯಷ್ಟು ದೊಡ್ಡದು ಮಾಡಿ ತೋರಿಸುತ್ತಿದ್ದರು. ಒಗೆದ ಬಟ್ಟೆಯ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಡತಿ ಒಂದು ಗಳಿಗೆ ನಿಂತು ನೋಡಿದರು.

"ಏನ್ರೀ ಇದು, ಎಳ್ಳನ್ನ ಇಷ್ಟು ದೊಡ್ಡದು ಮಾಡಿ ತೋರಿಸ್ತಿದ್ದಾರೆ?"

ಧೂಳಪ್ಪನವರು ಗಹಗಹಿಸಿ ನಕ್ಕರು. ನಗು ಅರ್ಧ ದಾರಿಯಲ್ಲೇ ನಿಂತಿತು. ಒಂದು ತುದಿ ಗುಂಡಗೆ, ಇನ್ನೊಂದು ಚೂಪು.

ತಿಂಗಳ ಹಿಂದೆ ಅವರಿಗೆ ತಲೆ ಸುತ್ತು ಬಂದು, ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಹೊಟ್ಟೆಗೆ ಏನಾದರೂ ಬೀಳಲೇಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅಂದಿನಿಂದ ಹೆಂಡತಿ ದಿನವೂ ಒಂದು ಬನ್ನು ಕಟ್ಟಿಕೊಡುತ್ತಿದ್ದರು. ಮೇಲೆ ಎಳ್ಳು ಉದುರಿಸಿದ ಬನ್ನು. ಯಂತ್ರದ ಕೋಣೆಯಲ್ಲಿ ತಿನ್ನಬಾರದು. ಗೋಡೆಯ ಮೇಲೆ ಅವರದೇ ಅಕ್ಷರದ ಫಲಕವಿದೆ, "ಇಲ್ಲಿ ತಿಂದವರನ್ನು ಸುಮ್ಮನೆ ಬಿಡುವುದಿಲ್ಲ" ಎಂದು. ಆದರೆ ಒಂಬತ್ತನೆಯ ರೀಲು ಓಡುತ್ತಿದ್ದಾಗ ಗಂಟೆ ಒಂದಾಯಿತು. ರೀಲು ನಡುವೆ ನಿಲ್ಲಿಸುವಂತಿಲ್ಲ. ಕಣ್ಣಿಗೆ ಕತ್ತಲೆ ಬಂತು. ಬಲಗೈಯಲ್ಲಿ ದೀಪದ ಮುಚ್ಚಳ ಎತ್ತಿ ನೋಡುತ್ತ, ಎಡಗೈಯ ಬನ್ನಿನಿಂದ ಒಂದು ಕಚ್ಚು ಕಚ್ಚಿದ್ದರು. ಒಂದೇ ಕಚ್ಚು.

ದೀಪಕ್ಕೆ ಅಡ್ಡ ಬಿದ್ದದ್ದು ಕಪ್ಪಗೆ ಬರುತ್ತದೆ. ನೆಗೆಟಿವ್ ತಿರುಗಿಸಿದಾಗ ಅದೇ ಬೆಳ್ಳಗೆ ಹೊಳೆಯುತ್ತದೆ. ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವವರು ಸ್ವತಃ ಧೂಳಪ್ಪನವರು.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ, ಗಾಜಿನ ಕೆಳಗಿನ ತಟ್ಟೆಯನ್ನು ಎಳೆದರು. ಮೂಲೆಯಲ್ಲಿ ಮಲಗಿತ್ತು. ಇಡೀ ದೇಶ ಹುಡುಕುತ್ತಿದ್ದ ಮಹಾವಸ್ತು, ಅರ್ಧ ಹುರಿದು, ಕೊಂಚ ಕಂದು ಬಣ್ಣಕ್ಕೆ ತಿರುಗಿ. ಚಿಮುಟದಿಂದ ಎತ್ತಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು.

ಅಂದು ಸಂಜೆ ಹೆಂಡತಿಗೆ ಎಲ್ಲ ಹೇಳಿದರು. ಆಕೆ ಎದ್ದರು. ಅಡುಗೆಮನೆಗೆ ಹೋಗಿ ತಟ್ಟೆಯಲ್ಲಿ ಎರಡು ಬಿಸ್ಕತ್ತು ಹಾಕಿಕೊಂಡು ಬಂದರು. ಬಂದು ಸೋಫಾದ ಮೇಲೆ ಕೂತರು. ಕಾಲು ಚಾಚಿಕೊಂಡು, ಕಟುಂ ಎಂದು ಕಚ್ಚಿದರು. ಪುಡಿ ಉದುರಿತು. ಧೂಳಪ್ಪನವರ ಕೈ ಹೆಗಲ ಮೇಲಿನ ಬಟ್ಟೆಗೆ ಹೋಗಿ ಹಾಗೇ ಕೆಳಗಿಳಿಯಿತು. ಮೂವತ್ತೊಂದು ವರ್ಷದ ಆಡಳಿತ ಎರಡು ಬಿಸ್ಕತ್ತಿಗೆ ಬಿದ್ದುಹೋಯಿತು. ಮಾರನೆಯ ದಿನ ಹುರಿದ ಕಡಲೆಕಾಯಿ ಬಂತು, ಸಿಪ್ಪೆಯ ಸಮೇತ.

ಅಷ್ಟರಲ್ಲಿ ಸಾಹೇಬರು ಕರೆಸಿದರು. ಮುಂದಿನ ವಾರದ ಶುಕ್ರವಾರ ಬೀಳ್ಕೊಡುಗೆ, ಅದೇ ಸಭೆಯಲ್ಲಿ ಒಂದು ಹೇಳಿಕೆಗೆ ಸಹಿ. ಆ ವಸ್ತು ಧೂಳಲ್ಲ ಎಂದು ಧೂಳಪ್ಪನವರು ಪ್ರಮಾಣ ಮಾಡಿ ಬರೆದುಕೊಡಬೇಕು, ಪತ್ರಿಕೆಯವರ ಮುಂದೆ. ನಮ್ಮ ಆಫೀಸಿನ ಮಾನ ಈಗ ನಿಮ್ಮ ಹೆಸರಿನ ಮೇಲೆ ನಿಂತಿದೆ ಯಜಮಾನ್ರೇ ಎಂದು ಅವರು ಕೈ ಹಿಡಿದುಕೊಂಡರು. ನಿಜ ಹೇಳಿದರೆ ಮೂವತ್ತೆಂಟು ವರ್ಷದ ಹೆಸರು ಮಣ್ಣುಪಾಲು. ಹೇಳದಿದ್ದರೆ ಎಳ್ಳಿನ ಮೇಲೆ ಸುಳ್ಳು ಪ್ರಮಾಣ. ಅನ್ನ ಸೇರಲಿಲ್ಲ. ಬಾಗಿಲು ಬಡಿದರೆ ಬೆಚ್ಚುವರು, ಫೋನು ಬಂದರೆ ಬೆವರುವರು. ಗಳಿಗೆಗೊಮ್ಮೆ ಕನ್ನಡಕದ ಡಬ್ಬಿ ತೆರೆದು, ಇದೆಯಾ ಎಂದು ನೋಡಿ, ಇದೆಯಲ್ಲ ಎಂದು ಇನ್ನಷ್ಟು ಹೆದರುವರು.

ಕೊನೆಗೆ ಹೆಂಡತಿಗೇ ಮರುಕ ಬಂತು.

"ನೀವು ಬರೆದದ್ದಾದರೂ ಏನು, ಹೇಳಿ? ಧೂಳಲ್ಲ ಅಂತ. ಎಳ್ಳು ಧೂಳಾ?"

"ಅಲ್ಲ."

"ಮತ್ತೆ? ಬರೆದಿದ್ದು ಸರಿಯಾಗೇ ಇದೆ. ಸಹಿ ಹಾಕಿ ಬನ್ನಿ."

ಧೂಳಪ್ಪನವರಿಗೆ ಹೋದ ಜೀವ ಬಂತು. ಹೌದಲ್ಲ, ಅಕ್ಷರ ಅಕ್ಷರವೂ ಸತ್ಯ. ಎರಡು ದಿನ ಆ ಮಾತನ್ನೇ ಜಪಿಸುತ್ತ, ಊಟ ಮಾಡಿ, ಕಡಲೆಕಾಯಿ ಸಿಪ್ಪೆಯನ್ನೂ ಸಹಿಸಿಕೊಂಡು ಓಡಾಡಿದರು.

ಗುರುವಾರ ಮಧ್ಯಾಹ್ನ ಪ್ರೊಫೆಸರಮ್ಮ ಯಂತ್ರದ ಕೋಣೆಗೇ ಬಂದರು. ತೆಳ್ಳಗಿನ ಹೆಂಗಸು, ಕೈಯಲ್ಲಿ ಹಳೆಯ ಚೀಲ. ಬಂದವರು ಜಗಳವಾಡಲಿಲ್ಲ. ಆ ದೃಶ್ಯವನ್ನು ಮೂರು ಸಲ ನೋಡಿ, ರಿಜಿಸ್ಟರ್ ನೋಡಿ, ಸ್ಟೂಲಿನ ಮೇಲೆ ಕೂತರು.

"ನಲವತ್ತು ವರ್ಷದಿಂದ ಇದೆಲ್ಲ ಮಂಜು, ಧೂಳು ಅಂತ ಹೇಳ್ಕೊಂಡು ಬಂದೋಳು ನಾನು. ನಿಮ್ಮ ಕೆಲಸ ಎಂಥದು ಅಂತ ವಿಚಾರಿಸಿದೆ. ನಾಳೆ ನೀವು ಸಹಿ ಹಾಕಿದ ಮೇಲೆ, ನಾನು ತಪ್ಪು ಹೇಳಿದ್ದೆ ಅಂತ ಬರೆದುಕೊಡ್ತೀನಿ. ನೋಡೋಕೆ ಗೊತ್ತಿರೋರು ನೋಡಿದಾರಲ್ಲ, ಸಾಕು."

ಅವರು ಹೊರಟ ಮೇಲೆ ಧೂಳಪ್ಪನವರು ತಲೆ ಎತ್ತಿದರು. ಗೋಡೆಯ ಮೇಲಿನ ಫಲಕ ಅವರನ್ನೇ ದುರುಗುಟ್ಟಿ ನೋಡುತ್ತಿತ್ತು.

ಶುಕ್ರವಾರ ಸಭಾಂಗಣ ತುಂಬಿತ್ತು. ಕೇಕು ಕತ್ತರಿಸಿದರು, ತಟ್ಟೆಗಳಲ್ಲಿ ಹಂಚಿದರು, ಜಮಖಾನದ ತುಂಬ ಪುಡಿ ಉದುರಿಸಿದರು. ಸಾಹೇಬರು ಹೇಳಿಕೆಯನ್ನು ಮುಂದಿಟ್ಟು ಪೆನ್ನಿನ ಮುಚ್ಚಳ ತೆಗೆದುಕೊಟ್ಟರು. ಧೂಳಪ್ಪನವರು ಎದ್ದು ನಿಂತರು. ಎದೆ ಡವಗುಟ್ಟುವುದು ಮೈಕಿನಲ್ಲಿ ಕೇಳಿಸುತ್ತದೇನೋ ಎಂದು ಒಂದು ಹೆಜ್ಜೆ ಹಿಂದೆ ಸರಿದರು.

"ಅದು ಎಳ್ಳು," ಎಂದರು. "ಬನ್ನಿನ ಎಳ್ಳು. ತಿಂದೋನು ನಾನೇ. ಸಾಕ್ಷಿ ತಂದಿದ್ದೀನಿ."

ಧೂಳಪ್ಪನವರು ಕನ್ನಡಕದ ಡಬ್ಬಿ ತೆರೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಹಿಡಿದು, ಮೂವತ್ತೆಂಟು ವರ್ಷದಿಂದ ಯಾವ ವಸ್ತುವನ್ನು ಯಾರಿಗೆ ತೋರಿಸುವ ಮೊದಲೂ ಮಾಡುತ್ತಿದ್ದ ಕೆಲಸವನ್ನೇ ಮಾಡಿದರು.

ಫೂ ಎಂದು ಊದಿದರು.

ಡಬ್ಬಿ ಚೊಕ್ಕಟವಾಯಿತು.

ಆಮೇಲೆ ನಡೆದದ್ದನ್ನು ಆಫೀಸಿನವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಸಾಹೇಬರು, ಪ್ರೊಫೆಸರಮ್ಮ, ಪತ್ರಿಕೆಯವರು, ಎಲ್ಲರೂ ಜಮಖಾನದ ಮೇಲೆ ಮಂಡಿಯೂರಿ ಹುಡುಕಿದರು. ಒಬ್ಬೊಬ್ಬರೂ ಬೆರಳ ತುದಿಯಲ್ಲಿ ಒಂದೊಂದು ಚೂರು ತಂದು, ಇದಾ, ಇದಾ ಎಂದು ಕೇಳಿದರು. ಧೂಳಪ್ಪನವರು ಅಳುವ ದನಿಯಲ್ಲಿ, ಅದು ಕೇಕು, ಇದು ನೂಲು, ಇದು ಸಾಹೇಬರ ತಲೆ ಹೊಟ್ಟು ಎಂದು ಗುರುತು ಹೇಳುತ್ತಲೇ ಇದ್ದರು. ಎಳ್ಳು ಸಿಕ್ಕಲಿಲ್ಲ. ಒಂಬತ್ತನೆಯ ರೀಲನ್ನು ಮತ್ತೆ ಯಂತ್ರಕ್ಕೆ ಏರಿಸಿದರು. ಮೋಡವಿತ್ತು, ಭೂಮಿ ಇತ್ತು, ವಸ್ತು ಇರಲಿಲ್ಲ.

ಪ್ರೊಫೆಸರಮ್ಮ ಚೀಲವನ್ನು ಹೆಗಲಿಗೆ ಏರಿಸಿಕೊಂಡರು. ಎರಡೂ ಕೈಯಿಂದ ಧೂಳಪ್ಪನವರ ಕೈ ಹಿಡಿದು ಒಮ್ಮೆ ಒತ್ತಿ ಹೊರಟುಹೋದರು. ಸಾಹೇಬರು ಸಹಿಯಿಲ್ಲದ ಹೇಳಿಕೆಯನ್ನು ಮಡಚಿ ಜೇಬಿಗೆ ಸೇರಿಸಿ ರಿಜಿಸ್ಟರ್ ತರಿಸಿದರು. ಧೂಳಪ್ಪನವರು "ಧೂಳಲ್ಲ" ಎಂಬುದರ ಕೆಳಗೆ "ಎಳ್ಳು. ನನ್ನದು." ಎಂದು ಬರೆದು ಕೊನೆಯ ಸಹಿ ಹಾಕಿದರು.

ಆದರೆ ಪತ್ರಿಕೆಯವನೊಬ್ಬ ಬಿಡಲಿಲ್ಲ. ಮಾತು ಬದಲಿಸುವ ಹಾಗೆ ನಿಮ್ಮನ್ನು ಹೆದರಿಸಿದವರು ಯಾರು ಎಂದು ಕೇಳಿದ. ಯಾರೂ ಇಲ್ಲಪ್ಪ ಎಂದರೆ ನಂಬಲಿಲ್ಲ. ನಿಮಗೆ ಯಾರ ಭಯವೂ ಇಲ್ಲವೇ ಎಂದ. ನಿಜ ಬಚ್ಚಿಟ್ಟು ಸಾಕಾಗಿದ್ದ ಧೂಳಪ್ಪನವರು, ಭಯ ಅಂತ ಇದ್ದರೆ ಹೆಂಡತಿಯದು ಎಂದರು. ಮಾರನೆಯ ದಿನ ಮುಖಪುಟದಲ್ಲಿ ಬಂತು: "ಆಕಾಶದ ಸತ್ಯ ಒರೆಸಿದ ಧೂಳಪ್ಪ. ಹೆಂಡತಿಯ ಹಿಂದೆ ಯಾರಿದ್ದಾರೆ?"

ಹೆಂಡತಿ ಅದನ್ನು ಸೋಫಾದ ಮೇಲೆ ಕೂತೇ ಓದಿದರು. ಹಿಂದೆ ತಿರುಗಿ ನೋಡಿ, "ದಿಂಬಿದೆ" ಎಂದರು.

ನಿವೃತ್ತರಾದವರು ತಿಂಗಳೊಳಗೆ ಕ್ವಾರ್ಟರ್ಸ್ ಬಿಡಬೇಕು. ಸಾಮಾನು ವ್ಯಾನಿಗೆ ಏರಿತು. ಧೂಳಪ್ಪನವರು ಖಾಲಿ ಮನೆಯನ್ನು ಮೂರು ಸಲ ಗುಡಿಸಿ, ಎರಡು ಸಲ ಒರೆಸಿ, ಪೊರಕೆಯನ್ನೂ ವ್ಯಾನಿಗೆ ಕಳಿಸಿದರು. ಅಷ್ಟು ಹೊತ್ತಿಗೆ ಒಂದು ಗಂಟೆಯಾಯಿತು. ಸೋಫಾ ಇದ್ದ ಜಾಗದಲ್ಲಿ, ಬರಿಯ ನೆಲದ ಮೇಲೆ ಹೆಂಡತಿ ಕೂತು, ಬನ್ನು ಮುರಿದು ಅರ್ಧ ಕೊಟ್ಟರು. ಅವರೂ ಪಕ್ಕದಲ್ಲಿ ಕೂತು ತಿಂದರು. ಗಲ್ಲದ ಕೆಳಗೆ ಅಂಗೈ ಹಿಡಿಯಲಿಲ್ಲ.

ಆಕೆ ಹೋಗಿ ವ್ಯಾನಿನಲ್ಲಿ ಕೂತ ಮೇಲೆ, ಬೀಗ ಹಾಕಲು ಹೊರಟ ಧೂಳಪ್ಪನವರು ಒಮ್ಮೆ ಒಳಗೆ ಇಣುಕಿದರು. ನಡುಮನೆಯ ನೆಲದ ಮೇಲೆ, ಕಿಟಕಿಯ ಬಿಸಿಲು ಬಿದ್ದಲ್ಲಿ, ಬೆಳ್ಳಗೆ ಏನೋ ಹೊಳೆಯಿತು. ಬೂಟು ಕಾಲಲ್ಲೇ ಒಳಗೆ ಹೋದರು. ಬಗ್ಗಿದರು. ಕೆನ್ನೆ ಉಬ್ಬಿಸಿದರು. ಹಾಗೇ ಒಂದು ಗಳಿಗೆ ನಿಂತು, ಉಬ್ಬಿಸಿದ ಗಾಳಿಯನ್ನು ಮೆಲ್ಲಗೆ ಮೂಗಿನಿಂದ ಬಿಟ್ಟು, ನಡು ನೆಟ್ಟಗೆ ಮಾಡಿಕೊಂಡರು.

"ಏನ್ರೀ ಅದು, ಒಳಗೆ?" ಎಂದು ವ್ಯಾನಿನಿಂದ ಹೆಂಡತಿ ಕೂಗಿದರು. ಎದುರುಮನೆಯ ಬಾಗಿಲಲ್ಲಿ ನಿಂತಿದ್ದ ನರ್ಸಮ್ಮನೂ ಕಿವಿ ನಿಮಿರಿಸಿದಳು.

"ಗೊತ್ತಿಲ್ಲ ಕಣೇ," ಎಂದು ಧೂಳಪ್ಪನವರು ಹೊರಗೆ ಬಂದು ಬಾಗಿಲು ಎಳೆದುಕೊಂಡರು.