ಮೈಸೂರಿನವರಿಗೆ ಕಿತ್ತೂರು ಕೋಟೆ ತೋರಿಸಿದ್ದು

ಕಿತ್ತೂರಿನಲ್ಲೇ ಹುಟ್ಟಿ, ಕಿತ್ತೂರಿನಲ್ಲೇ ತಲೆ ನರೆಸಿಕೊಂಡವನಿಗೆ ಕೋಟೆ ತೋರಿಸಲು ತಯಾರಿ ಬೇಕೆ?

ಮಗಳನ್ನು ನೋಡಲು ಮೈಸೂರಿನಿಂದ ಹುಡುಗ, ಅವನ ತಂದೆ, ಅಜ್ಜಿ ಬಂದಿದ್ದರು. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಅಜ್ಜಿ ಹೂಂ ಅನ್ನುವುದೊಂದೇ ಬಾಕಿ. ಆ ಹೂಂಗಾಗಿ ಅಜ್ಜಿಯ ತಟ್ಟೆಗೆ ಮೂರು ಸಲ ಶಿರಾ ಹಾಕಿಸಿದ್ದೆ. ಅಷ್ಟರಲ್ಲಿ ಅವರು ಕೋಟೆ ನೋಡಬೇಕೆಂದರು.

"ಅಲ್ಲೆ ಬೋರ್ಡ್ ಹಚ್ಚ್ಯಾರ. ಓದಿ ಹೇಳ್ರಿ," ಎಂದಳು ಹೆಂಡತಿ.

"ನಮ್ಮೂರ ಕೋಟಿ ತೋರಸಾಕ ನನಗ ಬೋರ್ಡ್ ಬೇಕೇನ?" ಎಂದು ಸಿಡುಕಿದೆ. ನಾನು ಒಳಗೆ ಕೊನೆಯ ಸಲ ಹೋಗಿದ್ದು ನಾಲ್ಕನೇ ಇಯತ್ತೆಯಲ್ಲಿ ಎಂಬುದನ್ನು ಹೇಳುವ ಅಗತ್ಯ ಕಾಣಲಿಲ್ಲ.

ಕೋಟೆಯೊಳಗಿನ ಪಾಳುಬಿದ್ದ ಅರಮನೆಯ ಗೋಡೆಗಳ ನಡುವೆ ನಿಂತು ಹುಡುಗನ ತಂದೆ ಆಕಾಶ ನೋಡಿದರು.

"ಚಾವಣಿ ಎಲ್ಲಿ ಸಾರ್? ನಮ್ಮಲ್ಲಿ ಅರಮನೆಗೆ ಭಾನುವಾರ ದೀಪ ಹಾಕ್ತಾರೆ."

ನನಗೆ ಪಿತ್ತ ನೆತ್ತಿಗೇರಿತು. "ನಮ್ಮವರು ದೀಪ ಹಚಗೊಂತ ಕುಂದರಲಿಲ್ರಿ. ಯುದ್ಧ ಮಾಡಿದ್ರು."

ಹೆಂಡತಿ ನನ್ನ ಅಂಗಿಯ ತೋಳು ಜಗ್ಗಿದಳು.

"ಅಂದ್ರೆ, ನೋಡೋಕೆ ಇಷ್ಟೇನಾ?" ಎಂದರು ಹುಡುಗನ ತಂದೆ.

ಇಷ್ಟೇನಾ! ಆ ಕ್ಷಣವೇ ನಾನು ಇತಿಹಾಸವನ್ನು ಕೈಗೆತ್ತಿಕೊಂಡೆ. ಎದುರು ಕಂಡ ಕೋಣೆಗೆ ನುಗ್ಗಿ, ಒಂದು ಕಲ್ಲಿನ ಕಟ್ಟೆ ತೋರಿಸಿ, "ಇದು ದರ್ಬಾರ. ರಾಣಿ ಕುಂದರತಿದ್ದ ಜಾಗಾ. ಚಪ್ಪಲಿ ಬಿಡ್ರಿ," ಎಂದು ಅಪ್ಪಣೆ ಮಾಡಿದೆ. ಎಲ್ಲರೂ ಬಿಟ್ಟರು. ಬಿಸಿಲಿಗೆ ಕಲ್ಲು ರೊಟ್ಟಿ ಹಂಚಿನಂತೆ ಕಾದಿತ್ತು.

ಹುಡುಗನ ತಂದೆ ಒಂದೊಂದೇ ಕಾಲು ಎತ್ತಿಡುತ್ತ ಕೇಳಿದರು, "ಇಲ್ಲಿ ಕಟ್ಟೆ ಬುಡದಲ್ಲೊಂದು ತೂತಿದೆಯಲ್ಲ ಸಾರ್, ಏನದು?"

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಸಿಟ್ಟಿನಲ್ಲಿರುವ ಮನುಷ್ಯನಿಗೆ ಎಲ್ಲವೂ ಗೊತ್ತಿರುತ್ತದೆ.

"ಇಂಗ್ಲಿಷರ ತೋಪಿನ ಗುಂಡ ಬಡದದ್ದು."

ಅಜ್ಜಿಯ ಕಣ್ಣು ತುಂಬಿ ಬಂತು. ಮೊಮ್ಮಗನ ಕೈ ಹಿಡಿದು ಬಗ್ಗಿ, ತೂತನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಚೀಲದಿಂದ ಕುಂಕುಮ ತೆಗೆದು ಅದರ ಸುತ್ತ ಹಚ್ಚಿದರು. ಮೈಸೂರು ಸೋತಿತು ಎಂದುಕೊಂಡೆ.

ಕಸ ಗುಡಿಸುತ್ತಿದ್ದ ಹೆಂಗಸೊಬ್ಬಳು ಕಸಬರಿಗೆ ನಿಲ್ಲಿಸಿದಳು.

"ಅಣ್ಣಾರ, ಅದು ಬಚ್ಚಲ ಮನಿರಿ. ನೀರು ಹೋಗೂ ತೂತದು. ದರ್ಬಾರ ಆ ಕಡೆ ಐತಿ."

"ನಿನಗೇನ ಗೊತ್ತ?" ಎಂದು ಗುಡುಗಿದೆ.

"ಬರದಾರಲ್ರಿ. ನೀವು ಆ ಬೋರ್ಡಿಗೇ ಬೆನ್ನ ಹಚ್ಚಿ ನಿಂತೀರಿ."

ಅಜ್ಜಿ ಸೆರಗಿನಿಂದ ಕಣ್ಣು ಒರೆಸಿದರು. ಆಮೇಲೆ ಕೈ ಒರೆಸಿದರು, ಅದೂ ಎರಡೆರಡು ಸಲ. ನನಗೆ ಗುಡಿಸುವವಳ ಮೇಲೆ ಸಿಟ್ಟು ಬಂತು, ಮೈಸೂರಿನ ದೀಪಗಳ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಇಂಗ್ಲಿಷರ ಮೇಲೆ ಬಂತು. ಇಷ್ಟೆಲ್ಲ ಕೆಡವಿದವರಿಗೆ ಈ ಬಚ್ಚಲೊಂದು ಭಾರವಾಗಿತ್ತೆ?

ಎಲ್ಲರೂ ಮನೆಗೆ ಬಂದೆವು. ಸಂಬಂಧ ಮುರಿಯಿತು, ಅದೂ ನನ್ನ ಬಾಯಿಂದಲೇ ಎಂದುಕೊಂಡು ನಾನೇ ಚಹಾ ತಂದು ಅಜ್ಜಿಯ ಮುಂದಿಟ್ಟೆ. ಅಜ್ಜಿ ನನ್ನನ್ನು ಬಹಳ ಹೊತ್ತು ನೋಡಿ, ಹೆಂಡತಿಯ ಕಡೆ ತಿರುಗಿದರು.

"ಹುಡುಗಿ ಸ್ವಭಾವದಲ್ಲಿ ಯಾರ ಹಾಗಮ್ಮ?"

"ಪೂರಾ ನನ್ನಂಗರಿ," ಎಂದಳು ಹೆಂಡತಿ. "ಇವರದು ಒಂದು ಗುಣಾನೂ ಬಂದಿಲ್ಲ."

"ಹಾಗಾದ್ರೆ ಹೂಂ," ಎಂದರು ಅಜ್ಜಿ.