ಕೆಂಪು ರಾಜನಿಗೆ ಕಳಿಸಿದ ತಟ್ಟೆ

ಕಂಪ್ಯೂಟರ್ ಒಳಗಿರೋ ರಾಜನ ಮನೆಗೆ ತಟ್ಟೆ ತುಂಬಿಸಿ ಕಳಿಸಿದೋರು ನಿಮ್ಮಲ್ಲಿ ಯಾರಾದ್ರೂ ಇದ್ದೀರಾ? ಇಲ್ಲ ತಾನೆ? ನಾನು ಕಳಿಸಿದ್ದೀನಿ. ಅವನು ವಾಪಸ್ ಏನು ಕಳಿಸ್ದ ಅಂತ ಹೇಳ್ತೀನಿ, ನಗ್ಬೇಡಿ. ನಕ್ರೂ ಪರವಾಗಿಲ್ಲ, ಫೋನಲ್ಲಿ ಒತ್ತಿ ಒತ್ತಿ ಬರೀತಿರೋದ್ರಿಂದ ನನಗೆ ಕಾಣ್ಸಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸದು. ಬಾಣಸವಾಡಿಯಲ್ಲಿ ನಮ್ಮ ಹೊಲ ಎಲ್ಲಾ ಲೇಔಟ್ ಆಗಿ, ಉಳಿದ ಜಾಗದಲ್ಲಿ ನಮ್ಮನೆಯೋರು ಒಂದು ಮನೆ, ಅವರ ತಮ್ಮ ನಾರಾಯಣಪ್ಪ ಒಂದು ಮನೆ ಕಟ್ಕೊಂಡಿದ್ರು. ನಾರಾಯಣಪ್ಪನ ಮನೆ ಮೆಟ್ಟಿಲು ಅರ್ಧ ಅಡಿ ನಮ್ಮ ಕಡೆ ಬಂತು. ಅಷ್ಟೇ. ಮಧ್ಯ ಗೋಡೆ ಎದ್ದು, ಅಣ್ಣ ತಮ್ಮನ ಮಾತು ನಿಂತು ಎರಡು ಯುಗಾದಿ ಕಳೆದಿತ್ತು. ನಾನೂ ನನ್ನ ವಾರಗಿತ್ತಿ ಸರೋಜಾನೂ ಮಾತ್ರ ಗೋಡೆ ಮೇಲಿಂದ ತಟ್ಟೆ ದಾಟಿಸ್ಕೊಂಡೇ ಇದ್ವಿ. ಇಲ್ಲಿಂದ ಬಸ್ಸಾರು ಹೋದ್ರೆ ಅಲ್ಲಿಂದ ಪಲ್ಯ. ತಟ್ಟೆ ಖಾಲಿ ವಾಪಸ್ ಕಳಿಸೋ ಪದ್ಧತಿ ನಮ್ಮಲ್ಲಿ ಇಲ್ಲ.

ಅಷ್ಟರಲ್ಲಿ ನಾರಾಯಣಪ್ಪನ ಮಗಳು ಶೋಭಾಗೆ ಮದ್ವೆ ಗೊತ್ತಾಯ್ತು. ಹಲಸೂರಲ್ಲಿ ಛತ್ರ. ಆ ಹುಡುಗೀನ ಹೆಗಲ ಮೇಲೆ ಕೂರಿಸ್ಕೊಂಡು ಬೆಳೆಸಿದ್ದೇ ನಮ್ಮನೆಯೋರು. ಆದ್ರೂ ನಾನು ಬರಲ್ಲ ಅಂದ್ಬಿಟ್ರು. ಧಾರೆ ಹೊತ್ತಿಗೆ ದೊಡ್ಡಪ್ಪ ಎಲ್ಲಿ ಅಂತ ಮಗಳು ಕೇಳಿದ್ರೆ ಏನು ಹೇಳ್ಲಿ ಅಂತ ಸರೋಜಾ ಗೋಡೆ ಆಚೆ ನಿಂತು ಅತ್ಲು.

ಆಗ ನಮ್ಮ ಮಗಳು ಲತಾ ಕಾಲೇಜಿಂದ ಒಂದು ಆಟದ ಸಿಡಿ ತಂದಿದ್ಲು. ಊರು ಕಟ್ಟೋ ಆಟ. ಹೊಲ ಉಳಬೇಕು, ಮರ ಕಡೀಬೇಕು, ಕೋಟೆ ಕಟ್ಬೇಕು, ಆಮೇಲೆ ಸೈನ್ಯ ಮಾಡಿ ಪಕ್ಕದ ಕೆಂಪು ರಾಜನ್ನ ಹೊಡೀಬೇಕು. ಹೊಡೆದಾಟ ಬೇಡ ಅಂದ್ರೆ ಒಂದು ದೊಡ್ಡ ಗೋಪುರ ಕಟ್ಟಿ, ಗಡುವು ಮುಗಿಯೋ ತನಕ ಅದು ಬೀಳ್ದಂಗೆ ನೋಡ್ಕೊಂಡ್ರೂ ಗೆದ್ದಂಗೆ. ಹೊಲ ಕಳ್ಕೊಂಡೋಳಿಗೆ ಮತ್ತೆ ಹೊಲ ಸಿಕ್ತು! ಲತಾ ಕಾಲೇಜಿಗೆ ಹೋದ ಕೂಡ್ಲೆ ಕಂಪ್ಯೂಟರ್ ಮೇಲಿನ ಬಟ್ಟೆ ತೆಗೆದು ಕೂರ್ತಿದ್ದೆ. ಮನೇಲಿ ಸೀದು ಹೋಗದ ಸಾರು ಅಪರೂಪ ಆಯ್ತು.

ನಮ್ಮನೆಯೋರು ಹಿಂದೆ ನಿಂತು ನೋಡಿ, ಸೈನ್ಯ ಇಲ್ದೆ ಯಾರೂ ಬಾಳಲ್ಲ, ಬಿಟ್ಕೊಡ್ತಾ ಹೋದ್ರೆ ಮೆಟ್ಟಿಲು ನಡುಮನೆಗೇ ಬರತ್ತೆ ಅಂದ್ರು. ಇದು ಆಟದ ಮಾತಲ್ಲ ಅಂತ ನನಗೆ ಗೊತ್ತಾಯ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿ ಭೀಷಣ ಪ್ರತಿಜ್ಞೆ ಮಾಡ್ದೆ.

"ಒಬ್ಬ ಸಿಪಾಯಿನೂ ಮಾಡ್ದೆ ಗೆಲ್ತೀನಿ ರೀ. ಗೆದ್ರೆ ನೀವು ಮದ್ವೆಗೆ ಬರ್ಬೇಕು. ಸೋತ್ರೆ ಆ ಮಾತೇ ಎತ್ತಲ್ಲ."

"ಮಾತೇ ಎತ್ತಲ್ವಾ?" ಅಂದ್ರು. ಅವರ ಮುಖದಲ್ಲಿ ಅಷ್ಟು ಆಸೆ ನಾನು ನಮ್ಮ ಮದ್ವೇಲೂ ನೋಡಿರ್ಲಿಲ್ಲ.

ಭಾನುವಾರ ತಿಂಡಿ ಆದ್ಮೇಲೆ ಶುರು ಮಾಡ್ದೆ. ಹೊಲ ಹಾಕ್ದೆ. ಆಟ ಮಾಡಿದೋರಿಗೆ ಅದು ಯಾವ ಬೆಳೆಯೋ, ನನಗೆ ರಾಗಿ. ಮೊದಲ ಬೆಳೆ ಬಂದ ಕೂಡ್ಲೆ ಸಂತೆ ಕಟ್ಟಿ, ಅಲ್ಲಿಂದ ಕೆಂಪು ರಾಜನಿಗೆ ಒಂದು ಪಾಲು ಕಳಿಸ್ದೆ. ಅಮ್ಮಾ ಅದು ಶತ್ರು ಅಂತ ಲತಾ ಹಣೆ ಚಚ್ಕೊಂಡ್ಲು. ಶತ್ರು ಆದ್ರೇನು, ಪಕ್ಕದ್ಮನೆ ತಾನೆ? ಮರದ ದಿಮ್ಮಿ ಕಳಿಸ್ದೆ, ಕಲ್ಲು ಕಳಿಸ್ದೆ. ಆ ಕಡೆಯಿಂದ ಏನೂ ಬರ್ಲಿಲ್ಲ. ಹೊಸಬ್ರು, ಸಂಕೋಚ ಇರತ್ತೆ ಅನ್ಕೊಂಡೆ.

ಕೋಟೆ ಬಾಗಿಲನ್ನೂ ತೆಗೆದೇ ಇಟ್ಟೆ. ದೀಪ ಹಚ್ಚೋ ಹೊತ್ತಲ್ಲಿ ಮುಂಬಾಗಿಲು ಹಾಕಿದ್ರೆ ಲಕ್ಷ್ಮಿ ಆಚೆನೇ ನಿಲ್ತಾಳೆ ಅಂತ ನಮ್ಮತ್ತೆ ಹೇಳ್ಕೊಟ್ಟಿದ್ದು. ಆಟದಲ್ಲಿ ದೀಪ ಹಚ್ಚೋ ಹೊತ್ತು ಯಾವಾಗ ಅಂತ ಗೊತ್ತಾಗಲ್ಲ. ಅದಕ್ಕೇ ಯಾವಾಗ್ಲೂ ತೆಗೆದೇ ಇತ್ತು.

ಗೋಪುರ ಎದ್ದಿತು. ಗಡುವು ಇಳೀತಾ ಬಂತು. ನಾನು ಮನಸ್ಸಲ್ಲೇ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಮದ್ವೆ ಸೀರೆಗೆ ರವಿಕೆ ಬಟ್ಟೆ ಹೊಂದಿಸ್ತಿದ್ದೆ. ಆಗ ತಟ್ಟೆ ವಾಪಸ್ ಬಂತು.

ಆನೆಗಳು! ನನ್ನ ರಾಗಿ ತಿಂದು ಕೊಬ್ಬಿದ ಆನೆಗಳು. ಹಿಂದೆ ನನ್ನ ದಿಮ್ಮಿಯಲ್ಲಿ ಮಾಡಿದ ಕಲ್ಲೆಸೆಯೋ ಗಾಡಿ. ಎಸೆದ ಕಲ್ಲೂ ನನ್ನದೇ. ಖಾಲಿ ತಟ್ಟೆ ಅಂತೂ ಕಳಿಸ್ಲಿಲ್ಲ, ಮರ್ಯಾದಸ್ಥ.

ತೆರೆದ ಬಾಗಿಲಿಂದ ಸಾಲಾಗಿ ಒಳಗೆ ಬಂದ್ರು. ನಾನು ಸೋಲೋದನ್ನೇ ಕಾಯ್ತಿದ್ದ ನಮ್ಮನೆಯೋರು ಕುರ್ಚಿಯಿಂದ ಎದ್ದೇ ಬಿಟ್ರು.

"ಬಾಗಿಲು ಹಾಕೇ! ನಾಲ್ಕು ಸಿಪಾಯಿ ಮಾಡು, ನಾನೇನೂ ಅನ್ಕೊಳ್ಳಲ್ಲ."

ನಾನು ಮೌಸ್ ಬಿಟ್ಕೊಡ್ಲಿಲ್ಲ, ಸಿಪಾಯಿನೂ ಮಾಡ್ಲಿಲ್ಲ. ಮಾತು ಅಂದ್ರೆ ಮಾತು. ನನ್ನ ರೈತ್ರು ಗುದ್ದಲಿ ಹಿಡ್ಕೊಂಡೇ ದಿಕ್ಕಾಪಾಲಾದ್ರು. ಗೋಪುರ ಬಿತ್ತು. ಗಡುವು ಮುಗಿಯೋಕೆ ಇನ್ನೊಂದು ಚೂರು ಇತ್ತು ಅಷ್ಟೇ. ನಮ್ಮನೆಯೋರು ಕುರ್ಚಿ ಹತ್ರಕ್ಕೆ ಎಳ್ಕೊಂಡು, ಬಿದ್ದ ಊರಲ್ಲಿ ಏನಾದ್ರೂ ಉಳಿದಿದ್ಯಾ ಅಂತ ಹುಡುಕಿದ್ರು.

ಆಮೇಲೆ ನಾನು ಮದ್ವೆ ಸುದ್ದಿ ಎತ್ತಲಿಲ್ಲ. ಬಾಯಿ ಮುಚ್ಕೊಂಡಿದ್ರೆ ತಲೆ ಕೆಲಸ ಮಾಡತ್ತಂತೆ, ನನಗೆ ಮುಂಚೆ ಪರೀಕ್ಷೆ ಮಾಡೋ ಅವಕಾಶವೇ ಸಿಕ್ಕಿರ್ಲಿಲ್ಲ. ಆ ಕೆಂಪು ರಾಜನಿಗೆ ಏನು ಬೇಕು ಅಂತ ನಾನು ಒಂದ್ಸಲಾನೂ ಯೋಚಿಸಿರ್ಲಿಲ್ಲ. ಕೊಡೋದು ನನಗೆ ಸುಲಭ, ಅದಕ್ಕೆ ಕೊಟ್ಟೆ. ನಮ್ಮ ಗೋಡೆ ಮೇಲೂ ಅದೇ ಕಥೆ. ತಟ್ಟೆ ಓಡಾಡ್ತಿತ್ತು, ಅದಕ್ಕೇ ಅಣ್ಣ ತಮ್ಮ ಓಡಾಡ್ಬೇಕಾಗಿರ್ಲಿಲ್ಲ. ಅಣ್ಣನಿಗೆ ತಮ್ಮನ ಮನೆ ಪಲ್ಯ ಸಿಗ್ತಿತ್ತು, ತಮ್ಮನಿಗೆ ಅಣ್ಣನ ಮನೆ ಬಸ್ಸಾರು. ಇನ್ನು ಮಾತು ಯಾರಿಗೆ ಬೇಕು? ರಾಜಿ ಮಾಡ್ತಿದ್ದೀನಿ ಅನ್ಕೊಂಡು ನಾನು ಎರಡು ವರ್ಷ ಜಗಳಕ್ಕೆ ಊಟ ಹಾಕಿ ಸಾಕಿದ್ದೆ.

ಮದ್ವೆ ದಿನ ಬೆಳಿಗ್ಗೆ ನಾನೂ ಲತಾನೂ ಆಟೋ ಹತ್ತಿದ್ವಿ. ನಮ್ಮನೆಯೋರು ಜರಿ ಪಂಚೆ ಉಟ್ಕೊಂಡು ಬಂದು, ಸ್ವಲ್ಪ ಜರುಗಿ ಅಂತ ಪಕ್ಕ ಕೂತ್ರು. ನಾನು ಸೆರಗು ಎಳ್ಕೊಂಡು ಜಾಗ ಮಾಡ್ಕೊಟ್ಟೆ. ಛತ್ರದಲ್ಲಿ ಧಾರೆ ಹೊತ್ತಿಗೆ ನಾರಾಯಣಪ್ಪ ಅಣ್ಣನ ಕೈಗೆ ಗಿಂಡಿ ಕೊಟ್ಟ. ಇಬ್ರೂ ಒಬ್ಬರ ಮುಖ ಒಬ್ರು ನೋಡ್ಲಿಲ್ಲ. ಆದ್ರೆ ನೀರು ಬಿಡುವಾಗ ಇಬ್ಬರ ಕೈನೂ ಅದೇ ಗಿಂಡಿ ಮೇಲಿತ್ತು.

ಊಟದ ಪಂಕ್ತೀಲಿ ನನಗೆ ತಡೆಯೋಕಾಗ್ಲಿಲ್ಲ. ನಾನು ಅಷ್ಟು ನಿಯತ್ತಾಗಿ ಸೋತಿದ್ದು ನೋಡಿ ನಿಮ್ಮ ಮನಸ್ಸು ಕರಗ್ತು ಅಲ್ವಾ ಅಂತ ಕೇಳೇ ಬಿಟ್ಟೆ.

ಅವರು ಎಲೆಯಿಂದ ತಲೆ ಎತ್ತಲಿಲ್ಲ. "ಕರಗೋದೇನು ಬಂತು? ನೀನು ಗೆದ್ದಿದ್ರೆ ನಾನು ಈ ಕಡೆ ತಲೆನೂ ಹಾಕ್ತಿರ್ಲಿಲ್ಲ. ಇವರನ್ನ ನಾನೇ ಕರ್ಕೊಂಡು ಹೋಗಿದ್ದು ಅಂತ ನೀನು ಸಾಯೋ ತನಕ ಕಂಡೋರಿಗೆಲ್ಲಾ ಹೇಳ್ಕೊಂಡು ತಿರುಗ್ತಿದ್ದೆ."